ಸಂಸಾರ ಗುಟ್ಟು, ಜಾಹೀರಾತು ರಟ್ಟು

ಶೋಶಾನಾ ಝುಬಾಫ್ ಅವರ ‘ದಿ ಏಜ್ ಆಫ್ ಸರ್ವೇಲನ್ಸ್ ಕ್ಯಾಪಿಟಲಿಸಂ’ ಪುಸ್ತಕವನ್ನು ನಾನು ಎರಡು ಸಲ ಓದಿದ್ದೇನೆ. ಮೊದಲ ಸಲ, ಅದು ಹೊರಬಂದ 2019ರಲ್ಲಿ, ಆಫೀಸಿನ ಬಸ್ಸಿನಲ್ಲಿ, ಹಿಂಜವಡಿ ಟ್ರಾಫಿಕ್ಕಿನ ಕೃಪೆಯಿಂದ. ಆಗ ಅಂಚಿನಲ್ಲಿ ಪೆನ್ಸಿಲ್ ಹಿಡಿದು ಬರೆದ ಟಿಪ್ಪಣಿಗಳೆಲ್ಲ ಒಂದೇ ಧಾಟಿಯವು: ‘ಅತಿಯಾಯ್ತು’, ‘ಹೀಗೆಲ್ಲ ಕೆಲಸ ಮಾಡಲ್ಲ’, ‘ಇವರು ಒಮ್ಮೆ ನಮ್ಮ ಡೇಟಾ ನೋಡಬೇಕಿತ್ತು’. ಎರಡನೆಯ ಸಲ ಓದಿದ್ದು ಕಳೆದ ಮಳೆಗಾಲದಲ್ಲಿ, ಅವ್ವ ಪುಣೆಯ ನಮ್ಮ ಮನೆಯಲ್ಲಿದ್ದಾಗ. ಈ ಸಲ ಹಳೆಯ ಟಿಪ್ಪಣಿಗಳಲ್ಲಿ ಕೆಲವನ್ನು ರಬ್ಬರಿನಿಂದ ಅಳಿಸಿದೆ, ಕೆಲವನ್ನು ಹಾಗೇ ಬಿಟ್ಟೆ. ಯಾವುದನ್ನು ಅಳಿಸಿದೆ, ಯಾವುದನ್ನು ಬಿಟ್ಟೆ ಎಂಬುದೇ ಈ ಬರಹ.

ಪುಸ್ತಕ ದೊಡ್ಡದು, ಏಳುನೂರು ಪುಟದ ಆಸುಪಾಸು. ಲೇಖಕಿ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಪಾಠ ಮಾಡಿದವರು. ಕಂಪ್ಯೂಟರು ಆಫೀಸಿನೊಳಕ್ಕೆ ಬಂದಾಗ ಕೆಲಸಗಾರರ ಬದುಕು ಏನಾಯಿತು ಎಂದು 1988ರಲ್ಲೇ ಒಂದು ಪುಸ್ತಕ ಬರೆದವರು. ಹಾಗಾಗಿ ನಿನ್ನೆ ಮೊನ್ನೆ ಗಾಬರಿಯಾದವರ ಕೂಗಲ್ಲ ಇದು. ಅವರ ವಾದದ ತಿರುಳನ್ನು ನಮ್ಮ ಕಡೆಯ ಮಾತಿನಲ್ಲಿ ಹೀಗೆ ಹೇಳಬಹುದು. ಜೋಳದ ರಾಶಿ ಮಾಡಿದ ಮೇಲೆ ಕಣದಲ್ಲಿ ಹೊಟ್ಟು ಉಳಿಯುತ್ತದೆ. ನಾವು ಗೂಗಲ್‌ನಲ್ಲಿ ಏನಾದರೂ ಹುಡುಕಿದಾಗಲೂ ಹೊಟ್ಟು ಉಳಿಯುತ್ತದೆ: ಯಾವ ಪದ ಬಳಸಿದೆವು, ಯಾವಾಗ ಹುಡುಕಿದೆವು, ಯಾವುದನ್ನು ಒತ್ತಿದೆವು, ಎಲ್ಲಿ ತಡೆದೆವು. ಮೊದಮೊದಲು ಕಂಪನಿ ಆ ಹೊಟ್ಟನ್ನು ಹುಡುಕಾಟವನ್ನೇ ಸುಧಾರಿಸಲು ಬಳಸುತ್ತಿತ್ತು. ಎಂದರೆ ಕಣದ ಹೊಟ್ಟು ನಮ್ಮದೇ ಎತ್ತಿಗೆ ಮೇವು. 2000ದ ಹೊತ್ತಿಗೆ ಡಾಟ್‌ಕಾಮ್ ಗುಳ್ಳೆ ಒಡೆದು, ಬಂಡವಾಳ ಹಾಕಿದವರು ಲಾಭ ಎಲ್ಲಿ ಎಂದು ಕೇಳತೊಡಗಿದಾಗ, ಆ ಹೊಟ್ಟಿನಲ್ಲೇ ಚಿನ್ನ ಇದೆಯೆಂದು ಕಂಡುಕೊಂಡರು. ಯಾರು ಯಾವ ಜಾಹೀರಾತನ್ನು ಒತ್ತುತ್ತಾರೆ ಎಂಬ ಊಹೆಯನ್ನು ಮಾರುವ ವ್ಯಾಪಾರ ಶುರುವಾಯಿತು. ಝುಬಾಫ್ ಇದನ್ನು ‘ಬಿಹೇವಿಯರಲ್ ಸರ್‌ಪ್ಲಸ್’ ಎನ್ನುತ್ತಾರೆ. ಈ ಇತಿಹಾಸ ಹೇಳುವ ಅಧ್ಯಾಯಗಳೇ ಪುಸ್ತಕದ ಅತ್ಯುತ್ತಮ ಭಾಗ. ಎರಡೂ ಓದಿನಲ್ಲಿ ನನಗೆ ಇಲ್ಲಿ ತಕರಾರಿರಲಿಲ್ಲ.

ತಕರಾರು ಶುರುವಾಗುವುದು, ಈ ಯಂತ್ರ ನಮ್ಮ ಮನಸ್ಸನ್ನೇ ಓದಿ ನಮ್ಮನ್ನು ಬೇಕಾದತ್ತ ತಿರುಗಿಸಬಲ್ಲದು ಎಂದು ಅವರು ಹೇಳತೊಡಗಿದಾಗ. ಒಳಗಿನಿಂದ ನೋಡಿದವರಿಗೆ ಅಷ್ಟು ಭಯ ಹುಟ್ಟುವುದಿಲ್ಲ. ಪ್ರೆಶರ್ ಕುಕ್ಕರ್ ಕೊಂಡ ಮೇಲೂ ಮೂರು ವಾರ ಪ್ರೆಶರ್ ಕುಕ್ಕರನ್ನೇ ತೋರಿಸುವ ಜಾಣತನ ಅದು. ಕೋರಿ ಡಾಕ್ಟರೊ 2020ರಲ್ಲಿ ಈ ಪುಸ್ತಕಕ್ಕೆ ಉತ್ತರವಾಗಿಯೇ ಒಂದು ಚಿಕ್ಕ ಪುಸ್ತಕ ಬರೆದು, ಜಾಹೀರಾತು ಕಂಪನಿಗಳು ತಮ್ಮ ಮಾಲು ಮಾರಲು ಹೇಳಿಕೊಳ್ಳುವ ಬಡಾಯಿಯನ್ನು ಝುಬಾಫ್ ನಿಜವೆಂದೇ ನಂಬಿದ್ದಾರೆ ಎಂದು ಆಕ್ಷೇಪಿಸಿದರು. ಆ ಆಕ್ಷೇಪ ಸರಿಯೆಂದೇ ನನಗೆ ಈಗಲೂ ಅನಿಸುತ್ತದೆ. ‘ಅತಿಯಾಯ್ತು’ ಎಂಬ ಆ ಟಿಪ್ಪಣಿಗಳನ್ನು ಅಳಿಸಿಲ್ಲ.

ಇನ್ನೊಂದು ತಕರಾರೂ ಇದೆ. ಅದು ನಮ್ಮಂಥ ವಲಸಿಗರದು. ಈ ಜಾಹೀರಾತುಗಳಿಂದ ನಿಜವಾದ ಅನುಕೂಲ ಆದವರು ಪುಸ್ತಕದಲ್ಲಿ ಕಾಣುವುದೇ ಇಲ್ಲ. ನಾನು ಪುಣೆಗೆ ಬಂದ ಹೊಸದರಲ್ಲಿ ಕನ್ನಡ ನಾಟಕ ಎಲ್ಲಿ ಆಡುತ್ತಾರೆ ಎಂದು ತಿಳಿಯಬೇಕಾದರೆ ಕನ್ನಡ ಸಂಘದ ಯಾರದೋ ಪರಿಚಯ ಬೇಕಿತ್ತು. ಈಗ ಫೋನೇ ಹೇಳುತ್ತದೆ. ಬೆಂಗಳೂರಿನ ಸಣ್ಣ ಪ್ರಕಾಶಕರ ಹೊಸ ಪುಸ್ತಕ, ಪಿಂಪ್ರಿಯಲ್ಲಿ ಮನೆಯಲ್ಲೇ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಾಡಿ ಮಾರುವ ಅಕ್ಕ, ಎಲ್ಲರೂ ನನಗೆ ಸಿಕ್ಕಿದ್ದು ಜಾಹೀರಾತಿನಿಂದಲೇ. ಆ ಅಕ್ಕನನ್ನು ಒಮ್ಮೆ ಕೇಳಿದೆ. ವಾರಕ್ಕೆ ಕೆಲವು ನೂರು ರೂಪಾಯಿ ಹಾಕುತ್ತಾರಂತೆ. ಸ್ಥಳ ಪುಣೆ, ಭಾಷೆ ಕನ್ನಡ ಎಂದು ಆರಿಸುವುದನ್ನು ಮಗ ಕಲಿಸಿಕೊಟ್ಟಿದ್ದಾನೆ. ಮರಾಠಿ ಪೇಪರಿನಲ್ಲಿ ಜಾಹೀರಾತು ಕೊಡಲು ಅವರಿಂದ ಆದೀತೆ? ಕೊಟ್ಟರೂ ಖಡಕ್ ರೊಟ್ಟಿಗಾಗಿ ಹಂಬಲಿಸುವವರ ಕಣ್ಣಿಗೆ ಬಿದ್ದೀತೆ? ಖಾಸಗಿತನದ ಬಗ್ಗೆ ಭಾಷಣ ಮಾಡುವಾಗ ಆ ಅಕ್ಕನ ರೊಟ್ಟಿ ಬಡಿಯುವ ಸದ್ದು ಕಿವಿಯಲ್ಲಿರಬೇಕು.

ಆದರೆ ಅವರಿಗೆ ಬೇಕಾಗಿದ್ದು ಎಷ್ಟು? ಊರು ಮತ್ತು ಭಾಷೆ. ನಾನು ರಾತ್ರಿ ಎಷ್ಟು ಗಂಟೆಗೆ ಮಲಗುತ್ತೇನೆ, ಯಾವ ಡಾಕ್ಟರನ್ನು ಹುಡುಕಿದೆ ಎಂಬುದು ರೊಟ್ಟಿ ಮಾರಲು ಬೇಕಿಲ್ಲ. ‘ಸುಧಾ’, ‘ತರಂಗ’ಗಳಲ್ಲಿ ಜಾಹೀರಾತು ಕೊಡುತ್ತಿದ್ದವರಿಗೆ ಓದುಗನ ಹೆಸರು ತಿಳಿದಿರಲಿಲ್ಲ. ಪುಟ ಯಾವುದು ಎಂದು ತಿಳಿದಿತ್ತು, ಅಷ್ಟು ಸಾಕಾಗುತ್ತಿತ್ತು. ಆ ಪದ್ಧತಿ ಸತ್ತಿಲ್ಲ. 2018ರಲ್ಲಿ ಯುರೋಪಿನಲ್ಲಿ ಜಿಡಿಪಿಆರ್ ಕಾಯ್ದೆ ಜಾರಿಯಾದಾಗ ನ್ಯೂಯಾರ್ಕ್ ಟೈಮ್ಸ್ ಅಲ್ಲಿನ ಓದುಗರಿಗೆ ಹರಾಜಿನ ಮೂಲಕ ಬರುವ, ಬೆನ್ನಟ್ಟುವ ಬಗೆಯ ಜಾಹೀರಾತುಗಳನ್ನು ನಿಲ್ಲಿಸಿ, ಪುಟ ಮತ್ತು ಸ್ಥಳ ನೋಡಿ ಹಾಕುವ ಜಾಹೀರಾತಿಗೆ ಮರಳಿತು. ಜಾಹೀರಾತಿನ ಆದಾಯ ಬಿದ್ದುಹೋಗಲಿಲ್ಲ. ದೊಡ್ಡ ಹೆಸರಿನ ಪತ್ರಿಕೆಗೆ ಸಾಧ್ಯವಾದದ್ದು ಎಲ್ಲರಿಗೂ ಆಗದಿರಬಹುದು, ನಿಜ. ಆದರೂ ‘ಅನುಕೂಲ ಬೇಕಾದರೆ ಖಾಸಗಿತನ ಬಿಡಬೇಕು’ ಎಂದು ನಮ್ಮ ಮುಂದೆ ಇಟ್ಟಿರುವ ತಕ್ಕಡಿಯೇ ಸರಿಯಿಲ್ಲ ಎಂಬುದಕ್ಕೆ ಇಷ್ಟು ಸಾಕು. ಅನುಕೂಲದ ಬಹುಪಾಲು ಊರು, ಭಾಷೆ, ಪುಟಗಳಿಂದಲೇ ಬರುತ್ತದೆ. ಉಳಿದದ್ದೆಲ್ಲ ಬೇರೆ ಯಾರಿಗೋ ಬೇಕಾದದ್ದು.

ಇನ್ನು ಅವ್ವನ ವಿಷಯ.

ಅವ್ವ ನರಗುಂದದ ಕಡೆಯವಳು, ಎಪ್ಪತ್ತು ದಾಟಿದ್ದಾಳೆ. ಓದು ನಾಲ್ಕನೆಯ ಇಯತ್ತೆ. ಪುಣೆಗೆ ಬಂದಾಗೆಲ್ಲ ಅವಳಿಗೆ ಮಾತಿನ ಬರಗಾಲ. ಸೊಸೈಟಿಯಲ್ಲಿ ಎಲ್ಲ ಮರಾಠಿ, ಹಿಂದಿ. ಮಗಳು ಹಳೆಯ ಟ್ಯಾಬ್ಲೆಟ್ ಕೊಟ್ಟು ಮೈಕಿನ ಗುರುತು ಒತ್ತಿ ಕನ್ನಡದಲ್ಲೇ ಕೇಳುವುದನ್ನು ಕಲಿಸಿದಳು. ಎರಡು ವಾರ ಹೆದರುತ್ತಲೇ ಮುಟ್ಟಿದಳು. ಆಮೇಲೆ ನಿಲ್ಲಿಸುವವರಿಲ್ಲ. ವಚನ ಗಾಯನ, ಕೌದಿ ಹೊಲಿಯುವುದು, ಪಾರಿಜಾತದ ಆಟ, ‘ಪುಣೇದಾಗ ಮಳಿ ಯಾವಾಗ ನಿಂದರತದ’, ಎಲ್ಲವನ್ನೂ ಅದಕ್ಕೇ ಕೇಳುತ್ತಿದ್ದಳು. ಅದಕ್ಕೂ ಅವಳ ಮಾತು ಮುಕ್ಕಾಲು ಪಾಲು ತಿಳಿಯುತ್ತಿತ್ತು. ಸೊಸೈಟಿಯ ಒಬ್ಬರಿಗೂ ಅಷ್ಟು ತಿಳಿಯುತ್ತಿರಲಿಲ್ಲ.

ಒಂದು ಭಾನುವಾರ ಸಂಜೆ ಎಲ್ಲರೂ ಹಾಲ್‌ನಲ್ಲಿ ಕೂತು ಟಿವಿಯಲ್ಲಿ ಏನೋ ವಿಡಿಯೊ ನೋಡುತ್ತಿದ್ದೆವು. ನಡುವೆ ದೊಡ್ಡವರ ಡಯಾಪರಿನ ಜಾಹೀರಾತು ಬಂತು, ಕನ್ನಡದಲ್ಲೇ. ಹತ್ತು ನಿಮಿಷ ಬಿಟ್ಟು ಮತ್ತೆ ಅದೇ. ಏಳನೇ ಕ್ಲಾಸಿನ ಮಗಳು ನಕ್ಕು, “ಅಪ್ಪಾ, ನಿನಗೆ ವಯಸ್ಸಾಯ್ತು ಅಂತ ಟಿವಿಗೂ ಗೊತ್ತಾಯ್ತು” ಎಂದಳು. ನಾನೂ ನಕ್ಕೆ. ಎಂಟೆಕ್ ಓದುವಾಗ ಡೇಟಾ ಮೈನಿಂಗ್ ಪಾಠದಲ್ಲಿ ಬಿಯರು ಮತ್ತು ಡಯಾಪರಿನ ಕಥೆ ಹೇಳಿದ್ದರು. ಸಂಜೆ ಡಯಾಪರು ಕೊಳ್ಳಲು ಬರುವ ಗಂಡಸರು ಬಿಯರನ್ನೂ ಒಯ್ಯುತ್ತಾರೆಂದು ಅಮೆರಿಕದ ಅಂಗಡಿಯೊಂದು ಲೆಕ್ಕ ಹಾಕಿ ಕಂಡುಹಿಡಿಯಿತಂತೆ. ಅದರಲ್ಲಿ ಬಹುಪಾಲು ದಂತಕಥೆ ಎಂದು ಆಮೇಲೆ ಗೊತ್ತಾಯಿತು. ಅದನ್ನೇ ಮಗಳಿಗೆ ವಿವರಿಸುತ್ತ ಕೂತಿದ್ದೆ. ಅವ್ವ ಎದ್ದು ಅಡುಗೆಮನೆಗೆ ಹೋಗಿದ್ದನ್ನು ಗಮನಿಸಿದ್ದು ಹೆಂಡತಿ ಮಾತ್ರ.

ಟ್ಯಾಬ್ಲೆಟ್ಟಿನಲ್ಲಿದ್ದದ್ದು ನನ್ನ ಅಕೌಂಟು. ಟಿವಿಯಲ್ಲೂ ನನ್ನದೇ, ಲ್ಯಾಪ್‌ಟಾಪಿನಲ್ಲೂ ನನ್ನದೇ. ಯಂತ್ರಕ್ಕೆ ನಾವು ನಾಲ್ವರೂ ಸೇರಿ ಒಬ್ಬ ಮನುಷ್ಯ: ನಲವತ್ತರ ಗಂಡಸು, ಪ್ರಾಜೆಕ್ಟ್ ಮ್ಯಾನೇಜರು, ಅವನಿಗೆ ಕೌದಿ ಹೊಲಿಯುವ ಆಸೆ, ಏಳನೇ ಕ್ಲಾಸಿನ ಗಣಿತದ ಕಷ್ಟ, ಮತ್ತು ಮೂತ್ರ ಹಿಡಿಯಲಾಗದ ತೊಂದರೆ. ಆ ರಾತ್ರಿ ನಾನು ಅಕೌಂಟಿನ ಹುಡುಕಾಟದ ಇತಿಹಾಸ ತೆರೆದು ನೋಡಿದೆ. ಅವ್ವ ಮೈಕಿನಲ್ಲಿ ಕೇಳಿದ ಪ್ರಶ್ನೆಗಳು ಅಲ್ಲಿ ಸಾಲಾಗಿ, ಅಕ್ಷರವಾಗಿ, ತಾರೀಖು ವೇಳೆ ಸಮೇತ ಇದ್ದವು. ಹೆಚ್ಚಿನವು ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನವು. ಮೂರನೆಯ ಸಾಲಿಗೆ ಮುಚ್ಚಿದೆ. ಮುಚ್ಚಿದೆ ಎಂದು ಹೆಮ್ಮೆಯಿಂದೇನೂ ಹೇಳುತ್ತಿಲ್ಲ. ಮೂರು ಸಾಲು ಓದಿದ್ದೇನಲ್ಲ.

ಇದನ್ನು ಬರೆಯಲು ಅವ್ವನನ್ನು ಕೇಳಿಯೇ ಬರೆಯುತ್ತಿದ್ದೇನೆ. “ಬ್ಯಾನಿ ಏನಂತ ಬೇಕಾದ್ರ ಬರಿ ತಮ್ಮಾ, ಎಷ್ಟ ಹೆಣಮಕ್ಕಳಿಗೆ ಇರತದ, ಬಾಯಿಬಿಟ್ಟು ಹೇಳಂಗಿಲ್ಲ. ನಾ ಅದಕ್ಕ ಕೇಳಿದ ಮಾತು ಮಾತ್ರ ಬರೀಬ್ಯಾಡ” ಎಂದಳು. ಹಾಗಾಗಿ ಆ ಪ್ರಶ್ನೆಗಳು ಇಲ್ಲಿಲ್ಲ. ಕಾಯಿಲೆ ಇಷ್ಟೇ: ಗರ್ಭಕೋಶ ಜಾರಿತ್ತು. ಹೆಂಡತಿ ಮೆಲ್ಲಗೆ ಮಾತಾಡಿಸಿ ಡಾಕ್ಟರ ಬಳಿ ಕರೆದುಕೊಂಡು ಹೋದಳು. ಹೆರಿಗೆಗಳಾಗಿ, ಜೀವಮಾನವೆಲ್ಲ ಭಾರ ಹೊತ್ತ ಹೆಂಗಸರಲ್ಲಿ ಇದು ಸಾಮಾನ್ಯ, ದಾರಿಗಳಿವೆ ಎಂದರು ಡಾಕ್ಟರು. ಈಗ ಆರಾಮಿದ್ದಾಳೆ.

ಇಲ್ಲಿ ನಾನು ಪ್ರಾಮಾಣಿಕನಾಗಿರಬೇಕು. ಆ ಜಾಹೀರಾತು ಬರದಿದ್ದರೆ ಅವ್ವ ಬಾಯಿಬಿಡುತ್ತಿರಲಿಲ್ಲ, ನೋವು ಕಟ್ಟಿಕೊಂಡೇ ಊರಿಗೆ ವಾಪಸ್ಸಾಗುತ್ತಿದ್ದಳು. ಝುಬಾಫ್ ಅವರ ವಿರೋಧಿಗಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ. ‘ಸಂಸಾರ ಗುಟ್ಟು, ವ್ಯಾಧಿ ರಟ್ಟು’ ಎಂದು ನಮ್ಮ ಹಿರಿಯರೇ ಹೇಳಿದ್ದಾರಲ್ಲ, ಜಾಹೀರಾತು ವ್ಯಾಧಿಯನ್ನು ರಟ್ಟು ಮಾಡಿತು, ತಪ್ಪೇನು ಎಂದು ಆಫೀಸಿನ ಗೆಳೆಯರೊಬ್ಬರು ಕೇಳಿದರು. ಗಾದೆಯನ್ನು ಸರಿಯಾಗಿ ಕೇಳಿಸಿಕೊಂಡರೆ ಉತ್ತರ ಅದರಲ್ಲೇ ಇದೆ. ಅದು ಕಾಯಿಲೆ ಬಂದವನಿಗೆ ಕೊಟ್ಟ ಬುದ್ಧಿಮಾತು: ಹೇಳಿಕೋ, ಮುಚ್ಚಿಡಬೇಡ ಎಂದು. ಪಕ್ಕದಮನೆಯವನಿಗೆ ಡಂಗುರ ಸಾರಲು ಕೊಟ್ಟ ಪರವಾನಗಿಯಲ್ಲ. ರಟ್ಟು ಮಾಡುವವರು ಯಾರು, ಯಾರ ಮುಂದೆ, ಯಾವಾಗ ಎಂಬುದರಲ್ಲೇ ಎಲ್ಲ ಇದೆ. ಅವ್ವ ಸೊಸೆಯ ಮುಂದೆ ಹೇಳಿಕೊಂಡಾಳು, ಮೊಮ್ಮಗಳು ನಗುವಾಗ ಟಿವಿ ಹೇಳುವುದನ್ನು ಸಹಿಸಲಾರಳು.

ಬೆಲೆ ತೆತ್ತದ್ದು ಇನ್ನೊಂದು ಕಡೆ. ಆ ಭಾನುವಾರದ ನಂತರ ಅವ್ವ ಟ್ಯಾಬ್ಲೆಟ್ ಮುಟ್ಟಲಿಲ್ಲ. ಕೌದಿ ಇಲ್ಲ, ಪಾರಿಜಾತ ಇಲ್ಲ. ಮಗಳು ತಾನೇ ಹಚ್ಚಿಕೊಟ್ಟರೂ “ಕಣ್ಣ ನೋಯತಾವ” ಎನ್ನುತ್ತಿದ್ದಳು. ಎಪ್ಪತ್ತರ ನಂತರ ಹೊಸದಾಗಿ ಪ್ರಶ್ನೆ ಕೇಳುವುದನ್ನು ಕಲಿತಿದ್ದ ಹೆಂಗಸು ಕೇಳುವುದನ್ನೇ ಬಿಟ್ಟಳು. ಜಾಹೀರಾತಿನ ಲಾಭನಷ್ಟದ ಯಾವ ಎಕ್ಸೆಲ್ ಶೀಟಿನಲ್ಲೂ ಈ ಸಾಲು ಇರುವುದಿಲ್ಲ.

ಈ ಕಣ್ಣಿನಿಂದ ಝುಬಾಫ್ ಅವರನ್ನು ಮತ್ತೆ ಓದಿದೆ. ಆಶ್ಚರ್ಯವೆಂದರೆ, ಅವರ ಪುಸ್ತಕದ ತುಂಬ ಮನೆಯೇ ಇದೆ. ಆರಂಭದಲ್ಲೇ ತಮ್ಮ ಮನೆಗೆ ಸಿಡಿಲು ಬಡಿದ ಪ್ರಸಂಗ ಹೇಳುತ್ತಾರೆ. ಹೊಗೆ ತುಂಬದಿರಲೆಂದು ಕೋಣೆಗಳ ಬಾಗಿಲು ಹಾಕುತ್ತ, ಫೋಟೊ ಆಲ್ಬಮ್ ಜೋಪಾನ ಮಾಡುತ್ತ ಓಡಾಡಿದರಂತೆ. ಮನೆಯೇ ಉಳಿಯುವುದಿಲ್ಲ ಎಂಬ ಕಲ್ಪನೆಯೂ ಬರಲಿಲ್ಲ. ಹಿಂದೆಂದೂ ಕಾಣದ್ದನ್ನು ನಾವು ಹಳೆಯ ಅನುಭವದಿಂದಲೇ ಅಳೆಯುತ್ತೇವೆ ಎಂದು ಹೇಳಲು ಆ ಕಥೆ. ಆಮೇಲೆ 2000ದಲ್ಲಿ ಜಾರ್ಜಿಯಾ ಟೆಕ್‌ನವರು ಯೋಚಿಸಿದ ‘ಅವೇರ್ ಹೋಮ್’ ಬರುತ್ತದೆ. ಮನೆಯ ಸೆನ್ಸರುಗಳ ಮಾಹಿತಿ ಮನೆಯವರಿಗೇ ಸೇರಬೇಕು ಎಂದು ಆ ಎಂಜಿನಿಯರುಗಳು ಸಹಜವೆಂಬಂತೆ ಅಂದುಕೊಂಡಿದ್ದರು. ಅದರ ಪಕ್ಕದಲ್ಲಿ ಈಗಿನ ನೆಸ್ಟ್ ಥರ್ಮೋಸ್ಟ್ಯಾಟ್: ಅದನ್ನೂ ಅದಕ್ಕೆ ಜೋಡಿಸಿದ ಉಪಕರಣಗಳನ್ನೂ ತಿಳಿದು ಬಳಸಬೇಕಾದರೆ ಸಾವಿರದ ಹತ್ತಿರ ಕರಾರುಪತ್ರ ಓದಬೇಕಾದೀತು ಎಂದು ಲಂಡನ್ನಿನ ಇಬ್ಬರು ಕಾನೂನು ವಿದ್ವಾಂಸರು ಲೆಕ್ಕ ಹಾಕಿದ್ದನ್ನು ಇಟ್ಟು ತೋರಿಸುತ್ತಾರೆ. ಕೊನೆಯ ಭಾಗದಲ್ಲಿ ಮನೆಯನ್ನು ಆಶ್ರಯತಾಣ ಎಂದೇ ಕರೆದು ಒಂದು ಅಧ್ಯಾಯ ಮೀಸಲಿಟ್ಟಿದ್ದಾರೆ.

ಆದರೆ ಅವರ ಮನೆಗೆ ಗೋಡೆ ಇರುವುದು ಹೊರಗಡೆ ಮಾತ್ರ. ಒಳಗೆ ಇರುವವರೆಲ್ಲ ಒಂದು, ಆಕ್ರಮಣ ಹೊರಗಿನಿಂದ. ನಮ್ಮ ಮನೆಗಳಲ್ಲಿ ಮುಖ್ಯವಾದ ಗೋಡೆಗಳು ಒಳಗಿವೆ, ಕಣ್ಣಿಗೆ ಕಾಣುವುದಿಲ್ಲ. ಅತ್ತೆ ಸೊಸೆಯಿಂದ, ಹರೆಯದ ಮಗಳು ಅಪ್ಪನಿಂದ, ಕೆಲಸ ಕಳೆದುಕೊಂಡ ಗಂಡ ಹೆಂಡತಿಯಿಂದ ಕೆಲವನ್ನು ಮುಚ್ಚಿಟ್ಟುಕೊಂಡೇ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಮರ್ಯಾದೆಯಿಂದ ಬದುಕುತ್ತಾರೆ. ಅಮೆರಿಕದ ಕಂಪನಿಗೆ ಅವ್ವನ ಕಾಯಿಲೆ ಗೊತ್ತಾಗಿದೆ ಎಂದರೆ ಅವ್ವನಿಗೆ ಏನೂ ಅಲ್ಲ. “ಅವ್ರೇನ್ ನಮ್ಮನಿಗೆ ಬರ್ತಾರನ?” ಎಂದಾಳು. ಮೊಮ್ಮಗಳಿಗೆ ಗೊತ್ತಾಗಿದ್ದೇ ಅವಳ ಲೋಕ ಮುಳುಗಿದ ಹಾಗೆ. ಏಳುನೂರು ಪುಟಗಳಲ್ಲಿ ಈ ಹೆದರಿಕೆಗೆ ಸರಿಯಾದ ಜಾಗ ಸಿಕ್ಕಿಲ್ಲ. ಪುಸ್ತಕದ ದೊಡ್ಡ ಕೊರತೆ ಎಂದು ನನಗೆ ಈಗ ಕಾಣುವುದು ಇದೇ, ಮೊದಲ ಓದಿನಲ್ಲಿ ಕಂಡ ಅತಿಶಯೋಕ್ತಿಯಲ್ಲ. ಅನುಕೂಲ ಪಡೆದವನು ಒಬ್ಬ, ಖಾಸಗಿತನ ಕಳೆದುಕೊಂಡವಳು ಇನ್ನೊಬ್ಬಳು ಆಗಿರುವಾಗ ‘ನಿಮ್ಮ ಅನುಕೂಲ, ನಿಮ್ಮ ಖಾಸಗಿತನ’ ಎಂಬ ತೂಕವೇ ತಪ್ಪು. ರೊಟ್ಟಿ ನನಗೆ ಸಿಕ್ಕಿತು, ಬೆಲೆ ಅವ್ವ ಕೊಟ್ಟಳು.

ನಮ್ಮ ಕಾನೂನಾದರೂ ಇದನ್ನು ಕಂಡಿದೆಯೇ ಎಂದು ಹುಡುಕಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು. ನಮ್ಮವರು ಎಂದು ಹೆಮ್ಮೆ ಪಡಲು ಅಡ್ಡಿಯಿಲ್ಲ. ಅದರ ಬೆನ್ನಿಗೆ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು, ಮುಖ್ಯ ಹೊಣೆಗಾರಿಕೆಗಳಿಗೆ ಹದಿನೆಂಟು ತಿಂಗಳ ಅವಧಿ ಕೊಟ್ಟಿದ್ದಾರೆ. ಹದಿನೆಂಟು ತುಂಬದವರಿಗೆ ಗುರಿಯಿಟ್ಟು ಜಾಹೀರಾತು ತೋರಿಸಬಾರದು ಎಂದು ಕಾಯ್ದೆ ಹೇಳುತ್ತದೆ, ಅದು ಒಳ್ಳೆಯದೇ. ಒಪ್ಪಿಗೆ ಕೇಳುವ ನೋಟಿಸು ಕನ್ನಡದಲ್ಲೂ ಸಿಗುವಂತಿರಬೇಕು ಎನ್ನುತ್ತದೆ, ಅದೂ ಒಳ್ಳೆಯದು. ಆದರೆ ಆ ಕನ್ನಡದ ನೋಟಿಸು ಯಾರಿಗೆ ಬರುತ್ತದೆ? ಅಕೌಂಟಿರುವ ನನಗೆ. ಅವ್ವನ ಪರವಾಗಿ ‘ಒಪ್ಪಿದೆ’ ಎಂದು ಒತ್ತುವವನು ನಾನೇ. ಇನ್ನು ವ್ಯಕ್ತಿಯೊಬ್ಬ ಮನೆವಾರ್ತೆಗಾಗಿ ಬಳಸುವ ಮಾಹಿತಿಗೆ ಕಾಯ್ದೆ ಅನ್ವಯಿಸುವುದೇ ಇಲ್ಲ. ಹಾಗೆ ಅನ್ವಯಿಸಬೇಕು ಎಂದೂ ನಾನು ಹೇಳಲಾರೆ. ಮನೆಯೊಳಗೆ ಪೊಲೀಸರು ಬರುವುದು ಬೇಡ. ಮನೆಯವರನ್ನೆಲ್ಲ ಒಂದೇ ಎಂದು ಎಣಿಸುವ ಯಂತ್ರ ಮಾತ್ರ ಹೊರಗಿನಿಂದಲೇ ಬಂದದ್ದು.

ಆ ಯಂತ್ರದ ಒಂದು ಹಲ್ಲನ್ನು ಕೂರಿಸಿದ್ದು ನಾನೇ ಎಂಬುದನ್ನೂ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಅಂಗಡಿಗಳ ಸರಪಳಿಯೊಂದಕ್ಕೆ ಗ್ರಾಹಕರ ಮಾಹಿತಿಯನ್ನೆಲ್ಲ ಒಂದೆಡೆ ಕೂಡಿಸುವ ಪ್ರಾಜೆಕ್ಟು ನಮ್ಮ ಟೀಮಿಗೆ ಬಂದಿತ್ತು. ಬಿಲ್ಲಿನ ಹೊತ್ತಿಗೆ ಕೌಂಟರಿನಲ್ಲಿ ಮೊಬೈಲ್ ನಂಬರ್ ಕೇಳುತ್ತಾರಲ್ಲ, ನಮ್ಮ ದೇಶದಲ್ಲಿ ಮನೆಮಂದಿಯೆಲ್ಲ ಒಂದೇ ನಂಬರ್ ಹೇಳುತ್ತಾರೆ. ಅದನ್ನೂ ವಿಳಾಸವನ್ನೂ ಹೊಂದಿಸಿ ‘ಹೌಸ್‌ಹೋಲ್ಡ್ ಐಡಿ’ ಎಂಬ ಕಾಲಮ್ ಮಾಡಿದೆವು. ಒಬ್ಬರು ಕೊಂಡದ್ದನ್ನು ನೋಡಿ ಮನೆಯ ಇನ್ನೊಬ್ಬರಿಗೆ ಆಫರ್ ಕಳಿಸಲು. ಟೆಸ್ಟಿಂಗ್ ಮಾಡುತ್ತಿದ್ದ, ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ಒಂದು ಟಿಕೆಟ್ ಹಾಕಿದಳು: ಮನೆಯವರಿಗೆ ಗೊತ್ತಾಗಬಾರದ ವಸ್ತು ಕೊಂಡಿದ್ದರೆ? ಗರ್ಭಪರೀಕ್ಷೆಯ ಕಿಟ್ ಉದಾಹರಣೆ ಕೊಟ್ಟಿದ್ದಳು. ನಾನು ಅದಕ್ಕೆ ‘ಕಡಿಮೆ ಆದ್ಯತೆ, ಮುಂದಿನ ಹಂತದಲ್ಲಿ ನೋಡೋಣ’ ಎಂದು ಬರೆದು ಮುಚ್ಚಿದೆ. ರಿಲೀಸ್ ಶುಕ್ರವಾರವಿತ್ತು. ಮುಂದಿನ ಹಂತ ಬರಲಿಲ್ಲ. ಆ ಹುಡುಗಿಯೂ ಬೇರೆ ಕಂಪನಿಗೆ ಹೋದಳು. ಝುಬಾಫ್ ಪುಸ್ತಕದಲ್ಲಿ ಕೇಡು ಮಾಡುವವರೆಲ್ಲ ದೊಡ್ಡ ಯೋಜನೆ ಹಾಕಿಕೊಂಡವರು. ನನಗೆ ಗೊತ್ತಿರುವ ಕೇಡು ಬಹುಪಾಲು ಶುಕ್ರವಾರದ ರಿಲೀಸಿನಿಂದ ಆದದ್ದು.

ಅವ್ವ ಊರಿಗೆ ಹೊರಡುವ ಮುನ್ನ ಮಗಳು ಹಟ ಹಿಡಿದಳು, ಅಜ್ಜಿಗೆ ಅವಳದೇ ಅಕೌಂಟು ಮಾಡಿಕೊಡು, ನನಗೂ ಕಾಣಿಸಬಾರದು, ನಿನಗೂ ಕಾಣಿಸಬಾರದು ಎಂದು. ಕೂತೆವು. ಹೆಸರು ಕನ್ನಡದಲ್ಲೇ ಹಾಕಿದೆ. ಹುಟ್ಟಿದ ತಾರೀಖು ಅವ್ವನಿಗೆ ಗೊತ್ತಿಲ್ಲ, ಆಧಾರಿನಲ್ಲಿದ್ದ ಜನವರಿ ಒಂದನ್ನೇ ಬರೆದೆ. ಮೊಬೈಲ್ ನಂಬರ್ ಕೇಳಿತು. ಅವ್ವನ ಸಿಮ್ ಇರುವ ಬಟನ್ ಫೋನು ಊರಿನಲ್ಲಿ ತಮ್ಮನ ಮನೆಯಲ್ಲೇ ಉಳಿದಿತ್ತು. ಸದ್ಯಕ್ಕೆ ಎಂದು ನನ್ನದನ್ನೇ ಕೊಟ್ಟೆ. ಜೇಬಿನಲ್ಲಿದ್ದ ಫೋನು ಗುಂಯ್ ಎಂದಿತು.

“ಏನದು?” ಎಂದಳು ಅವ್ವ.

“ಓಟಿಪಿ ಬಂತವ್ವಾ. ನಿನ್ನ ಅಕೌಂಟಿಂದು.”

ಅವ್ವ ಟ್ಯಾಬ್ಲೆಟ್ ನೋಡಿದಳು, ನನ್ನ ಜೇಬು ನೋಡಿದಳು. “ಹಂಗಾರ ಕೀಲಿ ನಿನ್ನ ಕಡೇನs ಉಳೀತಲ್ಲೋ ತಮ್ಮಾ” ಎಂದು ಚೀಲಕ್ಕೆ ಸೀರೆ ತುಂಬಲು ಎದ್ದಳು.